ಮುಂಗಡ ಕಳಿಸುವ ಮೊದಲು ಆರ್ ನಂಬರ್ ನೋಡಿ

ಚೀನಾದಿಂದ ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬ್ ತರಿಸಿ ತುಮಕೂರು, ಶಿರಾ, ತಿಪಟೂರಿನ ಅಂಗಡಿಗಳಿಗೆ ಹಂಚುವ ಲೆಕ್ಕಾಚಾರ ಇರುವವರಿಗೆ ಐಇಸಿ, ಅಂದರೆ ಆಮದು-ರಫ್ತಿಗೆ ಬೇಕಾದ ಸಂಕೇತ ಸಂಖ್ಯೆ, ದೊಡ್ಡ ತಲೆನೋವಲ್ಲ. ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಆಯಿತು, ಆಮೇಲೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ ಒಳಗೆ ವಿವರ ದೃಢೀಕರಿಸುತ್ತಿರಬೇಕು. ಸರಕು ಸಿಕ್ಕಿಹಾಕಿಕೊಳ್ಳುವುದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ವಿಷಯದಲ್ಲಿ.

ಬಿಐಎಸ್ ನೋಂದಣಿ ಆಮದುದಾರನ ಹೆಸರಿಗೆ ಆಗುವುದಿಲ್ಲ, ನಡುವಿನ ಟ್ರೇಡರ್ ಹೆಸರಿಗೂ ಇಲ್ಲ. ಅದು ಸರಕು ತಯಾರಿಸುವ ಫ್ಯಾಕ್ಟರಿಯದು. ಅದೂ ಒಂದೇ ವಿಳಾಸಕ್ಕೆ, ಒಂದೇ ಬ್ರ್ಯಾಂಡಿಗೆ, ಪಟ್ಟಿಯಲ್ಲಿರುವ ಮಾಡೆಲ್‌ಗಳಿಗೆ ಮಾತ್ರ. ಟ್ರೇಡರ್ ವಾಟ್ಸಾಪ್‌ನಲ್ಲಿ ಕಳಿಸುವ ಸರ್ಟಿಫಿಕೇಟಿನ ಪಿಡಿಎಫ್ ಅಸಲಿಯೇ ಇರಬಹುದು, ಆದರೆ ಬೇರೆಯವರ ಫ್ಯಾಕ್ಟರಿಯದ್ದಾಗಿರಬಹುದು.

ಆದ್ದರಿಂದ ಮೊದಲು ಚಾರ್ಜರಿನ ಮೈಮೇಲಿನ ಲೇಬಲ್ಲಿನ ಸ್ಪಷ್ಟ ಫೋಟೋ ತರಿಸಿಕೊಳ್ಳಿ. ಡಬ್ಬಿಯ ಫೋಟೋ ಸಾಲದು. ಬಿಐಎಸ್ ಗುರುತಿನ ಮೇಲೆ ಐಎಸ್ ಎಂಬ ಭಾರತೀಯ ಮಾನಕದ ಸಂಖ್ಯೆ, ಕೆಳಗೆ ಆರ್ ಅಕ್ಷರ, ಅಡ್ಡಗೆರೆ, ಎಂಟು ಅಂಕಿ ಇರಬೇಕು. ಇದೇ ನೋಂದಣಿಯ ಆರ್ ನಂಬರ್. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ. ಅಲ್ಲಿ ಬರುವ ಫ್ಯಾಕ್ಟರಿ ವಿಳಾಸ, ಬ್ರ್ಯಾಂಡ್, ಮಾಡೆಲ್, ವಾಯಿದೆ ಇವನ್ನು ಮಾರುವವರು ಮುಂಚಿತವಾಗಿ ಕಳಿಸುವ ಪ್ರೊಫಾರ್ಮಾ ಇನ್‌ವಾಯ್ಸ್ ಪಕ್ಕಕ್ಕಿಟ್ಟು ಅಕ್ಷರಕ್ಕಕ್ಷರ ಹೋಲಿಸಿ. ನೋಂದಣಿ ಶೆನ್‌ಝೆನ್ ವಿಳಾಸಕ್ಕಿದ್ದು, ಫ್ಯಾಕ್ಟರಿ ಈಗ ಡೊಂಗ್ವಾನ್‌ಗೆ ಹೋಗಿದ್ದರೆ ಹಳೆ ನಂಬರ್ ಹೊಸ ಜಾಗದ ಮಾಲಿಗೆ ನಡೆಯುವುದಿಲ್ಲ. ಡಬ್ಬಿಯ ಮೇಲೆ ನಿಮ್ಮದೇ ಬ್ರ್ಯಾಂಡ್ ಅಚ್ಚು ಹಾಕಿಸುವ ಆಸೆ ಇದ್ದರೆ ಆ ಬ್ರ್ಯಾಂಡಿಗೆ ಬೇರೆ ಅರ್ಜಿ, ಬೇರೆ ಟೆಸ್ಟ್ ರಿಪೋರ್ಟ್ ಬೇಕು. ರಿಪೋರ್ಟ್ ಬಿಐಎಸ್ ಮಾನ್ಯತೆಯ ಭಾರತೀಯ ಲ್ಯಾಬಿನದ್ದೇ ಆಗಬೇಕು. ಯುರೋಪಿನ ಸಿಇ ಸರ್ಟಿಫಿಕೇಟ್ ತೋರಿಸಿ ಬಚಾವಾಗುವ ದಾರಿ ಇಲ್ಲ.

ಪವರ್ ಬ್ಯಾಂಕಿನಲ್ಲಿ ಎಡವುವವರೇ ಹೆಚ್ಚು. ಹೊರಗಿನ ಸಾಧನಕ್ಕೆ ಒಂದು ನೋಂದಣಿ, ಒಳಗಿನ ಲಿಥಿಯಂ ಸೆಲ್ಲಿಗೆ ಐಎಸ್ 16046ರ ಪ್ರಕಾರ ಇನ್ನೊಂದು. ಫ್ಯಾಕ್ಟರಿಯವರು ಅಗ್ಗಕ್ಕೆ ಸಿಕ್ಕಿತೆಂದು ಸೆಲ್ ಬದಲಿಸಿದರೆ ಟೆಸ್ಟ್ ಆದ ಮಾಲೇ ಬೇರೆ, ಬಂದ ಮಾಲೇ ಬೇರೆ. ಸೆಲ್ಲಿನ ತಯಾರಕ, ಮಾಡೆಲ್ ಎರಡನ್ನೂ ಪರ್ಚೇಸ್ ಆರ್ಡರಿನಲ್ಲೇ ಬರೆಸಿ. ಬ್ಲೂಟೂತ್ ಇರುವ ಯಾವ ಸಾಧನಕ್ಕೂ ಇದರ ಮೇಲೆ ಡಬ್ಲ್ಯುಪಿಸಿಯ (ಕೇಂದ್ರದ ವೈರ್‌ಲೆಸ್ ವಿಭಾಗ) ಇಟಿಎ ಎಂಬ ಅನುಮೋದನೆ ಬೇಕು.

ಆಟಿಕೆಯ ದಾರಿಯೇ ಬೇರೆ. 2021ರ ಜನವರಿ 1ರಿಂದ ಅದಕ್ಕೆ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ ಆಟಿಕೆಗೆ ಐಎಸ್ 15644, ಉಳಿದದ್ದಕ್ಕೆ ಐಎಸ್ 9873. ವಿದೇಶಿ ಫ್ಯಾಕ್ಟರಿಯೇ ಅರ್ಜಿ ಹಾಕಬೇಕು, ತಪಾಸಣೆಗೆ ಬಿಐಎಸ್ ಅಧಿಕಾರಿ ಅಲ್ಲಿಗೇ ಹೋಗಬೇಕು, 10,000 ಡಾಲರ್ ಬ್ಯಾಂಕ್ ಗ್ಯಾರಂಟಿ ಇಡಬೇಕು. ಇದನ್ನು ನೋಡುವ ವಿಭಾಗ ದೆಹಲಿಯಲ್ಲಿದೆ, ತುಮಕೂರು ರಸ್ತೆಯ ಪೀಣ್ಯ ಕಚೇರಿಗೆ ಅಲೆದು ಫಲವಿಲ್ಲ. ಎರಡು ಮೂರು ಪೆಟ್ಟಿಗೆ ಆಟಿಕೆಗಾಗಿ ಇಷ್ಟಕ್ಕೆಲ್ಲ ಯಾವ ಫ್ಯಾಕ್ಟರಿಯೂ ಒಪ್ಪುವುದಿಲ್ಲ. ಲೈಸೆನ್ಸ್ ಇರುವವರಿಂದಲೇ ಕೊಳ್ಳುವುದು ಜಾಣತನ.

ಇನ್ನು ಆಮದುದಾರ ತನ್ನ ಹೆಸರಿಗೇ ಮಾಡಿಸಬೇಕಾದದ್ದು ಕಾನೂನು ಮಾಪನ ಇಲಾಖೆಯ (ತೂಕ, ಅಳತೆ, ಪೊಟ್ಟಣದ ವಿವರ ನೋಡುವ ಇಲಾಖೆ) ನೋಂದಣಿ, 2011ರ ಪೊಟ್ಟಣ ಸರಕು ನಿಯಮಗಳ 27ನೇ ನಿಯಮದಡಿ. ಪೊಟ್ಟಣದ ಮೇಲೆ ಆಮದುದಾರನ ಹೆಸರು-ವಿಳಾಸ, ತಯಾರಾದ ದೇಶ, ತಿಂಗಳು-ವರ್ಷ, ಪ್ರಮಾಣ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್ ಇರಬೇಕು. ನಮ್ಮ ಕಡೆ ಇಲ್ಲೊಂದು ತೊಡಕಿದೆ: 2014ರ ನವೆಂಬರ್ 1ಕ್ಕೆ ಊರಿನ ಇಂಗ್ಲಿಷ್ ಹೆಸರು ತುಮಕೂರು ಎಂದಾದರೂ ಹಳೆಯ ದಾಖಲೆಗಳಲ್ಲಿ ತುಮ್ಕೂರ್ ಎಂದೇ ಉಳಿದಿದೆ, ಚಿಕ್ಕಬಳ್ಳಾಪುರಕ್ಕಂತೂ ಮೂರ್ನಾಲ್ಕು ಕಾಗುಣಿತ. ಐಇಸಿ, ಜಿಎಸ್‌ಟಿ, ಲೇಬಲ್ ಮೂರರಲ್ಲೂ ಒಂದೇ ಬಗೆಯ ವಿಳಾಸ ಇರಲಿ, ಇಲ್ಲವಾದರೆ ಕಸ್ಟಮ್ಸ್ ಪ್ರಶ್ನೆಗೆ ಉತ್ತರಿಸುವಷ್ಟರಲ್ಲಿ ಕಂಟೇನರ್ ಬಾಡಿಗೆ ಏರುತ್ತದೆ.

ಎಂಆರ್‌ಪಿ ಸ್ಟಿಕ್ಕರ್ ಬಿಟ್ಟುಹೋಗಿದ್ದರೆ ಬಾಂಡೆಡ್ ಗೋದಾಮಿನಲ್ಲಿ (ಸುಂಕ ಕಟ್ಟುವ ಮೊದಲು ಸರಕು ಇಡುವ ಜಾಗ) ಅಂಟಿಸಿಕೊಳ್ಳಲು ಅವಕಾಶವಿದೆ. ಬಿಐಎಸ್ ಗುರುತಿಗೆ ಆ ರಿಯಾಯಿತಿ ಇಲ್ಲ, ಅದು ಫ್ಯಾಕ್ಟರಿಯಿಂದಲೇ ಬರಬೇಕು. ಗುರುತಿಲ್ಲದ ಚಾರ್ಜರ್ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಬಂದಿಳಿದರೆ ಉಳಿಯುವುದು ಎರಡೇ ದಾರಿ: ಸ್ವಂತ ಖರ್ಚಿನಲ್ಲಿ ವಾಪಸ್ ಕಳಿಸುವುದು, ಅಥವಾ ಕಸ್ಟಮ್ಸ್‌ನವರು ಜಜ್ಜಿ ಗುಜರಿಗೆ ಹಾಕುವುದನ್ನು ನೋಡುವುದು.