ಮುಂದಿನ ಚಕ್ರದ ಟಕ್ ಟಕ್ ಸದ್ದು ಕಡಿಮೆ ಖರ್ಚಲ್ಲಿ ಹೋಯ್ತು

ಆಲ್ದೂರು ಕಡೆ ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಸಾಕು, ನಮ್ಮ ಹಳೇ ಕಾರಿನ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು. ಒಳ್ಳೇ ರಸ್ತೆಯಲ್ಲಿ ಮಾತ್ರ ಗಪ್‌ಚುಪ್. ಸರ್ವಿಸ್ ಸೆಂಟರ್‌ನವರು ಎರಡೂ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆಯಿಂದ ಕಾರಿಗೆ ಜೋಡಿಸುವ ತೋಳು) ಎಲ್ಲಾ ಬದಲಾಯಿಸಬೇಕು ಅಂದರು. ಎಸ್ಟಿಮೇಟ್ ನೋಡಿ ಎದೆ ಝಲ್ ಅಂತು. ಬಿಲ್ ಮೇಲೆ 18% ಜಿಎಸ್‌ಟಿ ಬೇರೆ!

ಚಿಕ್ಕಮಗಳೂರಿನಲ್ಲೇ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಮೊದಲು ಶಾಕ್ ಅಬ್ಸಾರ್ಬರ್ ಮೇಲೆ ಬೆರಳು ಸವರಿದರು. ಆಯಿಲ್ ಲೀಕ್ ಇಲ್ಲ, ಬರೀ ಧೂಳು. ಆಮೇಲೆ ಮುಂದಿನ ಎರಡೂ ಚಕ್ರ ಜಾಕ್ ಮೇಲೆತ್ತಿ, ಸ್ಟೆಬಿಲೈಸರ್ ಲಿಂಕ್ ರಾಡ್, ಅಂದರೆ ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಬಾರ್‌ಗೆ ಜೋಡಿಸಿರುವ ಚಿಕ್ಕ ಸರಳು, ಹಿಡಿದು ಅಲ್ಲಾಡಿಸಿದರು. "ಇಲ್ಲಿ ಕೈ ಇಡಿ ಸಾರ್" ಅಂದರು. ಅದರ ತುದಿಯ ಬಾಲ್ ಜಾಯಿಂಟ್ (ಗುಂಡಿನಂತೆ ತಿರುಗುವ ಕೀಲು) ಸಡಿಲವಾಗಿ ಕಟಕಟ ಅನ್ನೋದು ಕೈಗೇ ಗೊತ್ತಾಯ್ತು. ಆ ಕೀಲಿನ ರಬ್ಬರ್ ಬೂಟ್ (ಮುಚ್ಚಿಗೆ) ಹರಿದು ಒಳಗೆ ಕೆಸರು ಹೋಗಿತ್ತು. ಮಲೆನಾಡಿನ ಮಳೆಗೆ ಇದೇನು ಹೊಸದಲ್ಲ ಬಿಡಿ. ಖಾತ್ರಿಗೆ ಎರಡೂ ರಾಡ್ ಬಿಚ್ಚಿಟ್ಟು ಪಕ್ಕದ ಬೀದಿಯಲ್ಲೇ ಮೆಲ್ಲಗೆ ಓಡಿಸಿದರು. ಸದ್ದು ಮಾಯ!

ಒಂದೇ ಕಡೆ ಸವೆದಿದ್ದರೂ ಜೋಡಿಯಾಗಿಯೇ ಹಾಕಿಸಿದೆ. ಆ ಎಸ್ಟಿಮೇಟ್‌ನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಲಿಂಕ್ ರಾಡ್ ಬದಲಾಯಿಸಿದ್ದಕ್ಕೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಬೇಕಿಲ್ಲ, ಆ ದುಡ್ಡೂ ಉಳಿಯಿತು. ಲೋವರ್ ಆರ್ಮ್ ಬದಲಾಯಿಸಿದ್ದರೆ ಅದೂ ಮಾಡಿಸಬೇಕಿತ್ತು.

ನಿಮ್ಮ ಕಾರಲ್ಲೂ ಇದೇ ಸದ್ದಿದ್ದರೆ, ಎಸ್ಟಿಮೇಟ್‌ಗೆ ಸಹಿ ಹಾಕುವ ಮೊದಲು ಲಿಂಕ್ ರಾಡ್ ಅಲ್ಲಾಡಿಸಿ ತೋರಿಸಿ ಅಂತ ಕೇಳಿ. ಬಿಚ್ಚಿದ ಹಳೇ ಪಾರ್ಟ್ ಕೂಡ ಕೇಳಿ ಇಸ್ಕೊಳ್ಳಿ.