11 ತಿಂಗಳ ಅಗ್ರಿಮೆಂಟಿನ ಶಾಶ್ವತ ಮನೆ

ನಮ್ಮ ಟ್ರಸ್ಟಿನಿಂದ ಕಾಕಾಗೆ ಮುಂಬಯಿ ಹೊರಗಿನ ಡೊಂಬಿವಲಿಯಲ್ಲಿ ರೂಮ್ ಕೊಟ್ಟ ಮರುದಿನ ಬೆಳಗ್ಗೆ ನೋಡಲು ಹೋದೆ. ನಾವು ತಂದಿಟ್ಟ ಹೊಸ ಹಾಸಿಗೆ ಸುತ್ತಿದ ಹಾಗೇ ಇತ್ತು. ಬಾಗಿಲ ಹತ್ತಿರ ನೆಲದ ಮೇಲೆ ಒಂದು ಚಾದರ, ಅದರ ತಲೆಯ ಕಡೆ ಒಂದು ಜೊತೆ ಚಪ್ಪಲಿ. ಮುಂಬಯಿಯ ಸಯನ್ ಸ್ಟೇಷನ್ ಹತ್ತಿರದ ಫುಟ್‌ಪಾತಿನಲ್ಲಿ ಹದಿನಾಲ್ಕು ವರ್ಷ ಮಲಗಿದವರು. ಅಲ್ಲಿ ಚಪ್ಪಲಿ ತಲೆಗೆ ಕೊಟ್ಟು ಮಲಗದಿದ್ದರೆ ಬೆಳಗ್ಗೆ ಅದು ಇರುವುದಿಲ್ಲ. ಒಳಗಿಂದ ಚಿಲಕ ಹಾಕಿದ ಮೇಲೂ ಆ ಭಯ ಹೋಗಿರಲಿಲ್ಲ.

ನಾಲ್ಕನೇ ದಿನ ಹೋದಾಗ ಬಾಗಿಲಿಗೆ ಬೀಗ. ಕಾಕಾ ಸಯನ್‌ನಲ್ಲಿ, ತಮ್ಮ ಹಳೇ ಜಾಗದಲ್ಲೇ ಕೂತಿದ್ದರು. ರೂಮಿನ ಕೀಲಿ ಮಾತ್ರ ಉಡದಾರಕ್ಕೆ ಕಟ್ಟಿಕೊಂಡಿದ್ದರು.

"ಅಲ್ಲಿ ಯಾರ ಜೋಡಿ ಮಾತಾಡ್ಲಿ ಅಕ್ಕಾರ? ಗೋಡಿ ಜೋಡಿ ಮಾತಾಡ್ಲೇನು?"

ತಪ್ಪು ನಮ್ಮದೇ. ಬಾಡಿಗೆ ಕಡಿಮೆ ಅಂತ ಅಷ್ಟು ದೂರ ಹುಡುಕಿದ್ದೆವು. ಅವರಿಗೆ ಚಹಾ ಕೊಡುವ ಅಂಗಡಿಯವನು, ಹಮಾಲಿ ಕೆಲಸಕ್ಕೆ ಕರೆಯುವ ಟೆಂಪೋದವರು, ಕಲಬುರಗಿ ಕಡೆಯ ನಾಲ್ಕು ಜನ, ಎಲ್ಲಾ ಸಯನ್‌ನಲ್ಲಿ. ಸೂರು ಕೊಡುವ ಭರದಲ್ಲಿ ಅವರ ಊರನ್ನೇ ಕಿತ್ತುಕೊಂಡಿದ್ದೆವು. ಎರಡು ತಿಂಗಳು ಅಲೆದು ಆಂಟಾಪ್ ಹಿಲ್ ಕಡೆ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಕಟ್ಟಡದಲ್ಲಿ, ಒಂದು ಖೋಲಿ ಹಿಡಿದೆವು. ಹತ್ತು ಅಡಿಗೆ ಹನ್ನೆರಡು ಅಡಿ, ಮೂಲೆಯಲ್ಲಿ ಮೋರಿ, ಸಂಡಾಸು ಹೊರಗೆ, ನೀರು ಬೆಳಗ್ಗೆ ಒಂದೂವರೆ ಗಂಟೆ ಮಾತ್ರ. ಬಾಡಿಗೆ ಡೊಂಬಿವಲಿಗಿಂತ ಜಾಸ್ತಿ. ಆದರೆ ಅಲ್ಲಿಂದ ಸಯನ್‌ಗೆ ನಡೆದೇ ಹೋಗಬಹುದು. ಕಾಕಾ ಅಲ್ಲಿ ನಿಂತರು.

ನಮ್ಮ ಟ್ರಸ್ಟ್ ಸಣ್ಣದು. ಬೀದಿಯಲ್ಲಿರುವವರಿಗೆ ಮನೆ ಕೊಟ್ಟು, ಆಮೇಲೂ ಜೊತೆಗಿದ್ದು ನೆರವಾಗುವುದು ನಮ್ಮ ಕೆಲಸ. ಇದಕ್ಕೆ 'ಪರ್ಮನೆಂಟ್ ಸಪೋರ್ಟಿವ್ ಹೌಸಿಂಗ್', ಅಂದರೆ ಬೆಂಬಲದ ಜೊತೆಗಿನ ಶಾಶ್ವತ ಮನೆ, ಅನ್ನುತ್ತಾರೆ. ಮೊದಲು ಅನ್ನ, ಕಂಬಳಿ, ಔಷಧಿ ಹಂಚುತ್ತಿದ್ದೆವು. ವರ್ಷ ವರ್ಷವೂ ಅದೇ ಮುಖಗಳು. 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನರಿಗೆ ಒಂದರಂತೆ 24 ಗಂಟೆ ತೆರೆದಿರುವ ಆಶ್ರಯ ಕೇಂದ್ರ ಬೇಕು ಅಂದಿತು. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ ಜನ ಮನೆಯಿಲ್ಲದವರು ಅಂತ ಲೆಕ್ಕ ಸಿಕ್ಕಿತು. ಆಶ್ರಯ ಕೇಂದ್ರ ಬೇಡ ಅಂತ ನಾನು ಹೇಳುವುದಿಲ್ಲ. ಮಳೆಗಾಲದ ರಾತ್ರಿ ಅದರಿಂದ ಜೀವ ಉಳಿಯುತ್ತದೆ. ಆದರೆ ಅಲ್ಲಿ ಕೀಲಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಕುಡಿದು ಬಂದರೆ ಒಳಗೆ ಬಿಡುವುದಿಲ್ಲ. ತಲೆಯಲ್ಲಿ ದನಿ ಕೇಳಿಸುತ್ತದೆ ಅಂತ ರಾತ್ರಿ ಕೂಗುವವರನ್ನು ಪಕ್ಕದ ಮಂಚದವರು ತಡೆದುಕೊಳ್ಳುವುದಿಲ್ಲ. ನಾವು ಹುಡುಕಿಕೊಂಡು ಹೋಗುತ್ತಿದ್ದುದು ಇಂಥವರನ್ನೇ.

ಮೊದಲು ಕುಡಿತ ಬಿಡು, ಮಾತ್ರೆ ನುಂಗು, ಆಮೇಲೆ ಮನೆಯ ವಿಚಾರ. ಹೆಚ್ಚಿನ ಕಡೆ ಇದೇ ಪದ್ಧತಿ ಇತ್ತು. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತಿರುವಿ ಹಾಕಿದರು. ಬೀದಿಯಿಂದ ನೇರ ಮನೆಗೆ. ಆದಾಯದಲ್ಲಿ ಶೇ. 30ರಷ್ಟು ಬಾಡಿಗೆಗೆ ಕೊಡಬೇಕು, ಕಾರ್ಯಕರ್ತರು ಬಂದಾಗ ಮಾತಾಡಬೇಕು. ಮಾತ್ರೆ, ಡಾಕ್ಟರು ಅವರವರ ಇಷ್ಟ. ಫಿನ್‌ಲೆಂಡ್ 2008ರಿಂದ ಇದನ್ನೇ ಸರ್ಕಾರದ ನೀತಿ ಮಾಡಿಕೊಂಡಿತು. ಚೆನ್ನೈನ 'ದಿ ಬ್ಯಾನಿಯನ್' ಸಂಸ್ಥೆ ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟವರನ್ನು ನಾಲ್ಕೈದು ಜನರಂತೆ ಊರೊಳಗಿನ ಬಾಡಿಗೆ ಮನೆಗಳಲ್ಲಿ ಇರಿಸುವ 'ಹೋಮ್ ಅಗೇನ್' ನಡೆಸುತ್ತಿದೆ. ನಮಗೆ ಧೈರ್ಯ ಕೊಟ್ಟಿದ್ದು ಚೆನ್ನೈ. ಫಿನ್‌ಲೆಂಡ್ ಅಂದರೆ ನಮ್ಮ ಟ್ರಸ್ಟಿಗಳು, "ಅಲ್ಲಿ ಜನ ಎಷ್ಟು, ಇಲ್ಲಿ ಜನ ಎಷ್ಟು" ಅಂತ ಶುರು ಮಾಡುತ್ತಿದ್ದರು.

ಈಗ ನಮ್ಮ ಕೈಯಲ್ಲಿ ಮೂರು ಖೋಲಿ, ಐದು ಜನ. ಒಂದರಲ್ಲಿ ಮೂರು ಹೆಂಗಸರು ಒಟ್ಟಿಗೆ ಇದ್ದಾರೆ. ಅವರಲ್ಲಿ ವಿಜಯಪುರ ಕಡೆಯ ಅಕ್ಕ ಒಬ್ಬರೇ ಕನ್ನಡದವರು. ಮಿಕ್ಕ ಇಬ್ಬರೂ ಅವರಿಂದ ರೊಟ್ಟಿ ಬಡಿಯುವುದು ಕಲಿತಿದ್ದಾರೆ. ಜೋಳದ ಹಿಟ್ಟು ಯಾವ ಅಂಗಡಿಯದು ತರಬೇಕು ಅನ್ನುವುದೇ ಅವರ ಮನೆಯ ದೊಡ್ಡ ಜಗಳ. ಇಂಥ ಜಗಳ ಕೇಳಿದರೆ ನನಗೆ ಖುಷಿ.

ಮನೆ ಹುಡುಕುವಾಗ ಬ್ರೋಕರ್ ಕೇಳುವ ಮೊದಲ ಪ್ರಶ್ನೆ, "ಫ್ಯಾಮಿಲಿನಾ, ಬ್ಯಾಚುಲರಾ?" ಎರಡೂ ಅಲ್ಲ ಅಂದರೆ ಮುಖ ಬದಲಾಗುತ್ತದೆ. ಎರಡು ಕಡೆ ಸುಮ್ನೆ "ನಮ್ಮ ಸ್ಟಾಫ್" ಅಂತ ಸುಳ್ಳು ಹೇಳಿ ನೋಡಿದೆ. ಒಂದು ಕಡೆ ತಿಂಗಳೊಳಗೆ ಗೊತ್ತಾಗಿ ಡಿಪಾಸಿಟ್ ಸಮೇತ ಹೊರಗೆ ಹಾಕಿದರು. ಆಮೇಲಿಂದ ನಿಜವನ್ನೇ ಹೇಳುತ್ತೇನೆ. ಬಾಡಿಗೆ ಐದನೇ ತಾರೀಖಿನೊಳಗೆ ಟ್ರಸ್ಟಿನ ಅಕೌಂಟಿನಿಂದ ಬರುತ್ತದೆ, ಏನಾದರೂ ಮುರಿದರೆ ನಾವು ಕಟ್ಟುತ್ತೇವೆ, ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಎತ್ತುತ್ತೇವೆ ಅನ್ನುತ್ತೇನೆ. ಮೂರನೇ ಮಾತಿಗೆ ಮಾಲೀಕರು ಸ್ವಲ್ಪ ಕರಗುತ್ತಾರೆ. ಫೋನ್ ನಿಜಕ್ಕೂ ಬರುತ್ತದೆ, ಅದು ಬೇರೆ ಮಾತು.

ಅಕ್ಕಪಕ್ಕದವರು "ಹುಚ್ಚರನ್ನು ತಂದಿಟ್ಟಿದ್ದಾರೆ" ಅಂದಾಗ ನಾನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ ಹೇಳಿದ್ದೆ. ಸಮಾಜದ ನಡುವೆ ಬದುಕುವುದು ಅವರ ಹಕ್ಕು, ಮನೆ ಇಲ್ಲ ಅಥವಾ ಮನೆಯವರು ಸೇರಿಸುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂತ ಅದರಲ್ಲಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಗ್ಗೆ ನೀರು ಬಿಟ್ಟಾಗ ಎದುರು ಖೋಲಿಯ ಗರ್ಭಿಣಿಯ ಎರಡು ಹಂಡೆ ಕಾಕಾ ತಾವಾಗಿಯೇ ಎತ್ತಿ ಒಳಗಿಟ್ಟರಂತೆ. ಅಲ್ಲಿಂದ ಮಾತು ತಣ್ಣಗಾಯಿತು.

ಕಾಕಾ ಕುಡಿತ ಬಿಟ್ಟಿಲ್ಲ. ದೇಣಿಗೆ ಕೊಡುವವರು ಮೊದಲು ಕೇಳುವುದೇ ಇದನ್ನು. ವಿದೇಶದ ಅಧ್ಯಯನಗಳಲ್ಲೂ ಹೀಗೇ ಕಂಡಿದೆ. ಜನ ಮನೆಯಲ್ಲಿ ಉಳಿಯುವುದು ತುಂಬಾ ಹೆಚ್ಚುತ್ತದೆ, ಕುಡಿತ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ನಾನೂ ಕುಡಿದ ದಿನ ಬೈದಿದ್ದೇನೆ. ಒಮ್ಮೆ ಬಾಗಿಲು ಬಡಿಯದೆ ಒಳಗೆ ನುಗ್ಗಿ ಬೈದೆ. ಅವರು ಎದ್ದು ಕೂತು, "ಇದು ನಿಮ್ಮ ಆಫೀಸೇನ್ರಿ?" ಅಂದರು. ಅಂದಿನಿಂದ ಬಡಿದು, ಕಾದು ಒಳಗೆ ಹೋಗುತ್ತೇನೆ. ವಾರಕ್ಕೆ ಎರಡು ಸಲ, ಅರ್ಧ ಗಂಟೆ. ಡಾಕ್ಟರ ಹತ್ತಿರ ಹೋಗೋಣವಾ ಅಂತ ಪ್ರತಿ ಸಲ ಕೇಳುತ್ತೇನೆ. ಮೊದಲ ಸಲ ಹ್ಞೂಂ ಅಂದಿದ್ದು ಏಳನೇ ತಿಂಗಳಿಗೆ, ಅದೂ ಕಾಲಿನ ಗಾಯಕ್ಕೆ.

ನನಗೆ ನಿದ್ದೆ ಕೆಡಿಸುವುದು ಅಗ್ರಿಮೆಂಟ್. ಈ ಕೆಲಸದ ಹೆಸರಲ್ಲೇ 'ಶಾಶ್ವತ' ಅಂತಿದೆ. ಮುಂಬಯಿಯಲ್ಲಿ ನಮಗೆ ಸಿಗುವುದು 11 ತಿಂಗಳ ಲೀವ್ ಅಂಡ್ ಲೈಸೆನ್ಸ್. ಅದರಲ್ಲಿ ಬಾಡಿಗೆದಾರನ ಹಕ್ಕು ಹುಟ್ಟುವುದೇ ಇಲ್ಲ, ಅವಧಿ ಮುಗಿದರೆ ಎದ್ದು ಹೋಗಬೇಕು. ಹಾಗಾಗಿ ಎಂಟನೇ ತಿಂಗಳಿಗೇ ಮಾಲೀಕರ ಮನೆಗೆ ಹೋಗಿ ಚಹಾ ಕುಡಿದು ಬರುತ್ತೇನೆ. ಎರಡು ತಿಂಗಳ ಬಾಡಿಗೆ, ಇನ್ನೊಂದು ಡಿಪಾಸಿಟ್ ಬೇರೆಯಾಗಿ ಎತ್ತಿಟ್ಟಿರುತ್ತೇವೆ. ಕಾಕಾ ಜೊತೆ ನಮ್ಮದೇ ಒಂದು ಕನ್ನಡದ ಕಾಗದವಿದೆ. ಈ ಖೋಲಿ ಹೋದರೆ ಇನ್ನೊಂದು ಹುಡುಕುವುದು ಟ್ರಸ್ಟಿನ ಕೆಲಸ ಅಂತ ಅದರಲ್ಲಿ ಬರೆದಿದ್ದೇವೆ. ಅವರಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಆ ಸಾಲನ್ನು ಎರಡು ಸಲ ಓದಿಸಿದರು.

ಮಹಾರಾಷ್ಟ್ರದಲ್ಲಿ ಇಂಥ ಅಗ್ರಿಮೆಂಟ್ 11 ತಿಂಗಳದ್ದಾದರೂ ರಿಜಿಸ್ಟರ್ ಆಗಲೇಬೇಕು. ಕಳೆದ ಸಲ ಏಜೆಂಟ್ ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಯಂತ್ರ ಹಿಡಿದು ಖೋಲಿಗೇ ಬಂದಿದ್ದ. ಮಾಲೀಕರು ಒತ್ತಿದರು. ಟ್ರಸ್ಟಿನ ಪರವಾಗಿ ನಾನು ಒತ್ತಿದೆ. ಕಾಕಾ ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಂಡು ಕಾದಿದ್ದರು.

"ನಂದು ಬ್ಯಾಡೇನ್ರಿ?"

ಏಜೆಂಟ್ ನನ್ನ ಮುಖ ನೋಡಿದ. ಬೇಕಿರಲಿಲ್ಲ. ಆ ದಿನ ಏನು ಹೇಳಬೇಕೋ ತಿಳಿಯದೆ ಚಹಾ ತರಿಸಿದೆ.

ಈ ವರ್ಷ ರಿನ್ಯೂವಲ್‌ಗೆ ಅವರ ಹೆಸರನ್ನು ಸಾಕ್ಷಿಯ ಜಾಗದಲ್ಲಿ ಹಾಕಿಸಿದೆವು. ಸಾಕ್ಷಿಗೆ ಆಧಾರ್ ಕಾರ್ಡ್ ಕೇಳಿದರು. ಕಾಕಾ ಪ್ಲಾಸ್ಟಿಕ್ ಚೀಲದಿಂದ ತೆಗೆದು ಕೊಟ್ಟರು. ಏಜೆಂಟ್ ಅದರ ಮೇಲಿನ ವಿಳಾಸ ಟೈಪ್ ಮಾಡಿಕೊಂಡ. ನಾವು ಕೂತಿದ್ದ ಖೋಲಿಯದೇ ನಂಬರ್.