ಷವರ್ ಮಧ್ಯೆ ನೀರು ತಣ್ಣಗಾಗ್ತಿದ್ಯಾ? ಕಾಂಬಿ ಬಾಯ್ಲರ್‌ನ ಹೀಗೆ ಪರೀಕ್ಷೆ ಮಾಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದಿರೋ ನಮ್ಮವ್ರು ಚಳಿ ಶುರುವಾದ ತಕ್ಷಣ ಕೇಳೋದು ಇದನ್ನೇ. ತಲೆಗೆ ಶಾಂಪೂ ಹಾಕ್ಕೊಂಡಿರ್ತೀವಿ, ನೀರು ಹದವಾಗಿ ಬರ್ತಿರತ್ತೆ, ಇದ್ದಕ್ಕಿದ್ದಂಗೆ ಕೊರೆಯೋ ನೀರು, ಅರ್ಧ ನಿಮಿಷ ಆದ್ಮೇಲೆ ಮತ್ತೆ ಬಿಸಿ. ಬಾಯ್ಲರ್ ಪೂರ್ತಿ ಕೆಟ್ಟಿದೆ ಅಂತ ಹೆದರಬೇಡಿ.

ಊರಲ್ಲಿ ಹಂಡೆ ಆಗ್ಲಿ ಗೀಸರ್ ಆಗ್ಲಿ, ಕಾದ ನೀರು ತುಂಬಿಟ್ಟಿರತ್ತೆ. ಕಾಂಬಿ ಅಂದ್ರೆ ಮನೆ ಬೆಚ್ಚಗಿಡೋಕೂ ನಲ್ಲಿಗೆ ಬಿಸಿನೀರು ಕೊಡೋಕೂ ಇರೋ ಒಂದೇ ಬಾಯ್ಲರ್, ಅದ್ರಲ್ಲಿ ಹಾಗೆ ನೀರು ಕೂಡಿಡೋ ಟ್ಯಾಂಕ್ ಇರಲ್ಲ. ನಲ್ಲಿ ತಿರುಗಿಸಿದ್ರೆ ನೀರು ಹರೀತಿದೆ ಅಂತ ಫ್ಲೋ ಸೆನ್ಸರ್ ಗುರುತಿಸಿ ಬರ್ನರ್ ಹತ್ಕೊಳತ್ತೆ, ಕೋಣೆ ಬೆಚ್ಚಗಿಡೋ ರೇಡಿಯೇಟರಿಗೆ ಹೋಗ್ಬೇಕಿದ್ದ ಬಿಸಿನ ಡೈವರ್ಟರ್ ವಾಲ್ವ್ ಅನ್ನೋದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕಡೆ ತಿರುಗಿಸತ್ತೆ, ನಲ್ಲಿ ನೀರು ಅದ್ರೊಳಗಿನ ತೆಳು ತಗಡುಗಳ ಮಧ್ಯೆ ಹಾದು ಬರೋವಾಗ್ಲೇ ಕಾಯತ್ತೆ. ಇದ್ರಲ್ಲಿ ಒಂದು ಕೈಕೊಟ್ರೂ ಬಿಸಿ ತುಂಡುತುಂಡಾಗತ್ತೆ.

ಮೊದಲು ಅಡುಗೆಮನೆ ನಲ್ಲಿ ಬಿಟ್ಟು ಐದು ನಿಮಿಷ ನೋಡಿ. ಅಲ್ಲಿ ಒಂದೇ ಸಮ ಬಿಸಿ ಬಂದು ಷವರಲ್ಲಿ ಮಾತ್ರ ಕೈಕೊಡ್ತಿದ್ರೆ ತಪ್ಪು ಬಾಯ್ಲರ್‌ದಲ್ಲ, ಷವರ್ ಮಿಕ್ಸರಿನೊಳಗೆ ಬಿಸಿನೀರು ತಣ್ಣೀರು ಬೆರೆಸೋ ಕಾರ್ಟ್ರಿಜ್ ಹೋಗಿರತ್ತೆ ಇಲ್ಲಾ ಷವರ್ ಹೆಡ್ ಕಟ್ಕೊಂಡಿರತ್ತೆ. ನೀರು ತೀರಾ ಸಣ್ಣಗೆ ಬಂದ್ರೂ ಬರ್ನರ್ ಆರಿಹೋಗತ್ತೆ, ಸುಮಾರು ಬಾಯ್ಲರ್‌ಗಳಿಗೆ ನಿಮಿಷಕ್ಕೆ ಎರಡು ಲೀಟರ್ ಆದ್ರೂ ಹರೀಬೇಕು, ಅಳತೆ ಜಗ್ಗು ಇಟ್ಟು ಮೊಬೈಲಲ್ಲಿ ಟೈಮ್ ನೋಡಿದ್ರೆ ಗೊತ್ತಾಗತ್ತೆ. ಇದಕ್ಕೆ ಉಲ್ಟಾ, ಜನವರಿಲಿ ನಲ್ಲಿ ಪೂರ್ತಿ ಬಿಟ್ರೆ ನೀರು ಉಗುರುಬೆಚ್ಚಗೇ ಬರತ್ತೆ, 24 ಕಿಲೋವ್ಯಾಟ್ ಬಾಯ್ಲರ್ ನಿಮಿಷಕ್ಕೆ 10 ಲೀಟರ್ ನೀರನ್ನ ಹೆಚ್ಚುಕಮ್ಮಿ 35 ಡಿಗ್ರಿ ಮಾತ್ರ ಏರಿಸಬಲ್ಲದು, ಸ್ವಲ್ಪ ಸಣ್ಣ ಮಾಡಿ ಸಾಕು.

ಆಮೇಲೆ ಪ್ರೆಶರ್ ಮುಳ್ಳು ನೋಡಿ. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರ್ಬೇಕು. ಕಮ್ಮಿ ಇದ್ರೆ ಬಾಯ್ಲರ್ ಆಫ್ ಮಾಡಿ, ಆರೋಕೆ ಬಿಟ್ಟು, ಕೆಳಗಡೆ ಇರೋ ಫಿಲ್ಲಿಂಗ್ ಲೂಪ್ (ಬಾಯ್ಲರಿಗೆ ನೀರು ತುಂಬಿಸೋ ಪೈಪು) ನಿಧಾನಕ್ಕೆ ತಿರುಗಿಸಿ ತುಂಬಿಸಿ, ವಾಲ್ವ್‌ಗಳನ್ನ ಮರೀದೆ ಗಟ್ಟಿಯಾಗಿ ಮುಚ್ಚಿ. ವಾರವಾರ ಇಳೀತಿದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ, ತುಂಬಿಸ್ತಾನೇ ಇರ್ಬೇಡಿ.

ಮೂರನೇದು ನನಗೆ ಸ್ವಂತ ಅನುಭವ. ಬೇಸಿಗೆಲಿ ಹೀಟಿಂಗ್ ಆಫ್ ಇತ್ತು, ಬಿಸಿನೀರು ಬಿಟ್ಟಾಗೆಲ್ಲ ಹಾಲ್ ರೂಮಿನ ರೇಡಿಯೇಟರ್ ಬೆಚ್ಚಗಾಗ್ತಿತ್ತು, ಮಗುಗೆ ಸ್ನಾನ ಮಾಡ್ಸೋಕೆ ನೀರು ಮಾತ್ರ ಬಿಸಿನೇ ಆಗ್ತಿರ್ಲಿಲ್ಲ. ಡೈವರ್ಟರ್ ವಾಲ್ವ್ ಮಧ್ಯದಲ್ಲಿ ಸಿಕ್ಕಾಕ್ಕೊಂಡಿತ್ತು. ನೀವೂ ಹೀಟಿಂಗ್ ಆಫ್ ಮಾಡಿ ನಲ್ಲಿ ಬಿಟ್ಟು ರೇಡಿಯೇಟರ್ ಮುಟ್ಟಿ ನೋಡಿ.

ಎಲ್ಲಾ ನಲ್ಲಿಲೂ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಅಂತ ತಾಳ ಹಾಕ್ದಂಗೆ ಬರ್ತಿದ್ರೆ ನನಗೆ ಮೊದಲು ಅನುಮಾನ ಬರೋದು ಸುಣ್ಣದ ಮೇಲೆ. ಲಂಡನ್, ರೆಡಿಂಗ್ ಕಡೆ ಗಡಸು ನೀರು, ಸೀಮೆಸುಣ್ಣದಂಥ ಬಂಡೆಯೊಳಗಿಂದ ಬರೋದು, ನಮ್ಮ ಬೋರ್‌ವೆಲ್ ನೀರಿನ ಪಾತ್ರೆಗೆ ಕಟ್ಟೋ ಅದೇ ಬಿಳಿ ಪದರ ಇಲ್ಲೂ ತಗಡಿಗೆ ಕಟ್ಟತ್ತೆ, ಶಾಖ ದಾಟೋಕಾಗದೆ ಬಾಯ್ಲರ್ ಒಳಗೇ ಅತಿಯಾಗಿ ಕಾದು ತಾನೇ ಬರ್ನರ್ ಆರಿಸ್ಕೊಳತ್ತೆ, ತಣ್ಣಗಾದ್ಮೇಲೆ ಮತ್ತೆ ಹಚ್ಕೊಳತ್ತೆ. ಎಕ್ಸ್‌ಚೇಂಜರ್ ತೊಳೀಬೇಕು ಇಲ್ಲಾ ಬದಲಾಯಿಸ್ಬೇಕು. ಟೆಂಪರೇಚರ್ ಸೆನ್ಸರ್ ಕೆಟ್ರೂ ಹಿಂಗೇ ಆಗ್ಬೋದು.

ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಅಂದು ಲಾಕ್ ಆದ್ರೆ, ಅಂದ್ರೆ ತಾನೇ ನಿಂತುಹೋದ್ರೆ, ಅದ್ರೊಳಗೆ ಕೂಡೋ ನೀರನ್ನ ಹೊರಗೆ ಬಿಡೋ ಪ್ಲಾಸ್ಟಿಕ್ ಕಂಡೆನ್ಸೇಟ್ ಪೈಪ್ ಹೊರಗಡೆ ಹೆಪ್ಪುಗಟ್ಟಿರತ್ತೆ. ಆ ಪೈಪಿನ ಮೇಲೆ ಬೆಚ್ಚಗಿನ ನೀರು ಹುಯ್ದು ಬಾಯ್ಲರಿನ ರೀಸೆಟ್ ಒತ್ತಿ. ಕುದಿಯೋ ನೀರು ಬೇಡ.

ಇಷ್ಟಕ್ಕೆ ನಿಲ್ಲಿಸಿ, ಮುಚ್ಚಳ ಬಿಚ್ಚೋಕೆ ಹೋಗ್ಲೇಬೇಡಿ, ಅದು ಗ್ಯಾಸ್. ವಾಸನೆ ಬಂದ್ರೆ ಕಿಟಕಿ ತೆಗೆದು ಎಲ್ಲರೂ ಹೊರಗೆ ಬಂದು ಗ್ಯಾಸ್ ತುರ್ತು ಸಂಖ್ಯೆ 0800 111 999ಗೆ ಫೋನ್ ಮಾಡಿ. ಬಾಡಿಗೆ ಮನೆಯಾದ್ರೆ ರಿಪೇರಿ ಮಾಲೀಕರ ಜವಾಬ್ದಾರಿ, ವರ್ಷಕ್ಕೊಂದು ಸಲ ಗ್ಯಾಸ್ ಸೇಫ್ಟಿ ಚೆಕ್ ಮಾಡ್ಸೋದೂ ಅವರ ಕಾನೂನು ಕರ್ತವ್ಯ, ಕೇಳೋಕೆ ಸಂಕೋಚ ಪಡ್ಬೇಡಿ. ಎಂಜಿನಿಯರ್‌ಗೆ ಯಾವ ನಲ್ಲಿ, ಎಷ್ಟು ನಿಮಿಷಕ್ಕೆ, ಪ್ರೆಶರ್ ಎಷ್ಟು, ಪರದೆ ಮೇಲೆ ಯಾವ ಕೋಡ್ ಅಂತ ಹೇಳಿ, ಅವರು ಬಂದಾಗ ಗ್ಯಾಸ್ ಸೇಫ್ ಕಾರ್ಡ್ (ಗ್ಯಾಸ್ ಕೆಲಸಕ್ಕೆ ನೋಂದಾಯಿಸ್ಕೊಂಡಿರೋ ಗುರುತಿನ ಚೀಟಿ) ತೋರ್ಸಿ ಅನ್ನಿ, ಹಿಂಬದಿಲಿ ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರ್ದಿರತ್ತೆ, ಬಾಯ್ಲರ್ ಇದ್ಯಾ ನೋಡ್ಕೊಳ್ಳಿ.